ಪಾಯ ಎಷ್ಟು ಎತ್ತರ ತರಲಿ?

ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯ ಊರಿನಲ್ಲಿ ನಮ್ಮ ಕಾಕಾ ಹೊಸ ಮನೆಗೆ ಪಾಯ ತೋಡಿಸಿದ ದಿನ ಗೌಂಡಿ ಕೇಳಿದ್ದು ಒಂದೇ ಪ್ರಶ್ನೆ: ‘ಪಾಯ ಎಷ್ಟು ಎತ್ತರ ತರಲಿ, ಸಾವುಕಾರರೇ?’ ಉತ್ತರ ಸಿದ್ಧವಿತ್ತು. ಓಣಿಯ ಮಟ್ಟದಿಂದ ಎರಡು ಅಡಿ. ಪಕ್ಕದ ಮನೆಗಿಂತ ಅರ್ಧ ಅಡಿ ಹೆಚ್ಚು. ಒಂದೂವರೆ ಅಡಿ ಗಟಾರಕ್ಕೆ ಹೆದರಿ, ಅರ್ಧ ಅಡಿ ಮರ್ಯಾದೆಗೆ. ಹೊಳೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹತ್ತು ಹೆಜ್ಜೆ ದೂರದ ಹಳೆಯ ಗೋಡೆಯ ಮೇಲೆ 2019ರ ಆಗಸ್ಟಿನ ನೀರು ಎಳೆದು ಹೋದ ಕಂದು ಗೆರೆ ಇನ್ನೂ ಇತ್ತು. ಟೇಪು ಹಿಡಿದು ನೋಡಿದೆ. ಓಣಿಯ ಮಟ್ಟದಿಂದ ಸರಿಯಾಗಿ ನಾಲ್ಕು ಅಡಿ.

ಬಾಗಲಕೋಟೆ, ವಿಜಯಪುರ ಎಂದರೆ ಬರದ ಸೀಮೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಅದು 5,000 ಮಿಲಿಮೀಟರ್ ದಾಟುತ್ತದೆ. ಹೀಗಾಗಿ ನಮ್ಮಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಬರುತ್ತದೆ. ಚಿಕ್ಕೋಡಿ, ಅಥಣಿ, ಜಮಖಂಡಿಯ ಕಡೆಯವರು ಆಗಸ್ಟಿನಲ್ಲಿ ಆಕಾಶ ನೋಡುವುದಕ್ಕಿಂತ ಕೊಯ್ನಾ ಅಣೆಕಟ್ಟೆಯಿಂದ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬ ಸುದ್ದಿಯನ್ನೇ ಹೆಚ್ಚಾಗಿ ನೋಡುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿನಷ್ಟು. 2019ರಲ್ಲಿ ಆಲಮಟ್ಟಿಯಿಂದ ಹೊರಬಿದ್ದದ್ದು 5 ಲಕ್ಷ ಕ್ಯೂಸೆಕ್‌ಗೂ ಮಿಕ್ಕಿದ ನೀರು. 2009ರ ಕಥೆ ಬೇರೆ. ಆ ವರ್ಷ ಸೆಪ್ಟೆಂಬರ್ ಕೊನೆಗೆ ಮಳೆ ನಮ್ಮ ತಲೆಯ ಮೇಲೆಯೇ ಸುರಿಯಿತು. ಹೊಳೆ ಮುಟ್ಟದ ಊರುಗಳಲ್ಲೂ ಮನೆಗಳು ಕುಸಿದವು.

ಈ ವ್ಯತ್ಯಾಸ ಮನೆ ಕಟ್ಟುವವನಿಗೆ ಬೇಕು. ಕೃಷ್ಣೆಯ ನೆರೆ ಹೇಳಿ ಬರುತ್ತದೆ, ಬಂದ ಮೇಲೆ ದಿನಗಟ್ಟಲೆ ನಿಲ್ಲುತ್ತದೆ; ಅಲ್ಲಿ ಮನೆಗೆ ಶತ್ರು ನೆನೆಯುವಿಕೆ. ಇಕ್ಕಟ್ಟಾದ ಪಾತ್ರದ ಹೊಳೆ, ಹಳ್ಳಗಳಲ್ಲಿ ಶತ್ರು ಸೆಳವು. ನೀರಿನ ವೇಗ ಇಮ್ಮಡಿಯಾದರೆ ಅದು ಗೋಡೆಗೆ ಕೊಡುವ ಹೊಡೆತ ನಾಲ್ಮಡಿಯಾಗುತ್ತದೆ.

ನಿಂತ ನೀರೂ ಸುಮ್ಮನಿರುವುದಿಲ್ಲ. ಒಂದು ಮೀಟರ್ ಅಗಲದ ಗೋಡೆಯ ತುಂಡನ್ನು ಊಹಿಸಿಕೊಳ್ಳಿ. ಹೊರಗೆ ಒಂದು ಮೀಟರ್ ಎತ್ತರ ನೀರು ನಿಂತರೆ ಆ ತುಂಡಿನ ಮೇಲೆ ಬೀಳುವ ಒತ್ತು ಸುಮಾರು 500 ಕಿಲೋ, ಎರಡು ಮೀಟರ್ ನಿಂತರೆ 2,000 ಕಿಲೋ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯನ್ನು ಕಟ್ಟುವುದು ಮೇಲಿನಿಂದ ಬರುವ ಭಾರ ಹೊರಲಿ ಎಂದು. ಪಕ್ಕದಿಂದ ದೂಡಿಸಿಕೊಳ್ಳಲಿ ಎಂದಲ್ಲ. ಬಾಗಿಲಿಗೆ ಮರಳಿನ ಚೀಲ ಒಟ್ಟಿ, ಸಂದಿಗಳಿಗೆ ಅರಿವೆ ತುರುಕಿ ಒಳಗೆ ಒಂದು ಹನಿಯೂ ಬಾರದಂತೆ ಕಾಯ್ದವನ ಮನೆಯೇ ಮೊದಲು ಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೊರಗಿನ ಒತ್ತಿಗೆ ಒಳಗಿನಿಂದ ಎದುರು ಒತ್ತು ಕೊಡುವುದು ಏನೂ ಇರುವುದಿಲ್ಲ. ಸಾಮಾನ್ಯ ಮನೆಯ ಮಟ್ಟಿಗೆ ಈ ಹಟ ಸುಮಾರು ಮೂರು ಅಡಿ ನೀರಿನವರೆಗೆ ಮಾತ್ರ ನಡೆಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು.

ನೀರನ್ನು ಪೂರ್ತಿ ಹೊರಗಿಟ್ಟ ಕಟ್ಟಡ ನೋಡಬೇಕೆಂದರೆ ಕೂಡಲಸಂಗಮಕ್ಕೆ ಹೋಗಬೇಕು. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗಬೇಕಿದ್ದ ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ ಉಳಿಸಿಕೊಳ್ಳಲಾಗಿದೆ. ಸುತ್ತಲೂ ನೀರು, ಮೆಟ್ಟಿಲು ಇಳಿದು ಕೆಳಗೆ ಹೋದರೆ ಒಣ ನೆಲ. ದುಂಡು ಗೋಡೆಯನ್ನು ನೀರು ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಗೋಡೆ ಬಾಗುವುದಿಲ್ಲ, ತನ್ನಲ್ಲೇ ಇನ್ನಷ್ಟು ಬಿಗಿಯಾಗುತ್ತದೆ. ಬಾವಿಯನ್ನು ದುಂಡಗೆ ತೋಡುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಆದರೆ ಅಂಥ ಖರ್ಚನ್ನು ಒಂದು ಪವಿತ್ರ ಸ್ಥಳಕ್ಕೆ ಮಾಡಬಹುದು, ಊರಿನ ಮುನ್ನೂರು ಮನೆಗಳಿಗೆ ಮಾಡಲಾಗದು.

ಹಾಗಾದರೆ ಉಳಿದ ದಾರಿ ಕೇಳಲು ಹುಚ್ಚುತನ ಅನ್ನಿಸುತ್ತದೆ: ನೀರನ್ನು ಒಳಗೆ ಬಿಡುವುದು. ಒಳಗೂ ಹೊರಗೂ ಒಂದೇ ಮಟ್ಟದಲ್ಲಿ ನೀರಿದ್ದರೆ ಎರಡು ಕಡೆಯ ಒತ್ತು ಒಂದನ್ನೊಂದು ತಿಂದುಹಾಕುತ್ತವೆ. ಅಮೆರಿಕದ ನೆರೆ ಪ್ರದೇಶದ ಕಟ್ಟಡ ನಿಯಮದಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ವಾಸಕ್ಕಲ್ಲದ ಕೆಳಭಾಗದ ನೆಲದ ಪ್ರತಿ ಚದರ ಅಡಿಗೆ ಒಂದು ಚದರ ಇಂಚು ಕಿಂಡಿ, ಅದೂ ಕನಿಷ್ಠ ಎರಡು ಬೇರೆ ಬೇರೆ ಗೋಡೆಗಳಲ್ಲಿ, ನೆಲದಿಂದ ಒಂದು ಅಡಿಯೊಳಗೆ. ನಮ್ಮ ಕಡೆಯ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಆರು ಇಂಚಿಗೆ ಹತ್ತು ಇಂಚಿನ ಎರಡು ಕಿಂಡಿ ಸಾಕು. ಬಚ್ಚಲ ಮೋರಿಗಿಂತ ತುಸು ದೊಡ್ಡದು, ಅಷ್ಟೇ. ಕಿಂಡಿಗೆ ಜಾಲರಿ ಹಾಕಲು ಮರೆಯಬಾರದು. ನೆರೆಯಲ್ಲಿ ಮನುಷ್ಯರಂತೆ ಹಾವುಗಳೂ ಒಣ ಜಾಗ ಹುಡುಕುತ್ತವೆ.

ಒಳಗೆ ನೀರು ಬಿಡಬೇಕಾದರೆ ಗೋಡೆ ನೆನೆದರೂ ತಾಳುವಂಥದ್ದಾಗಿರಬೇಕು. ನಮ್ಮ ಹಳೆಯ ಮನೆಗಳು ಸೋಲುವುದು ಇಲ್ಲಿಯೇ. ಹಸಿ ಮಣ್ಣಿನ ಗೋಡೆ ಗಟ್ಟಿಯಾಗಿರುವುದು ಕಣಕಣಗಳ ನಡುವೆ ಉಳಿದ ಅತ್ಯಲ್ಪ ತೇವದಿಂದ. ಆ ತೇವ ಕಣಗಳನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ. ಮಕ್ಕಳು ಹೊಳೆಯ ದಂಡೆಯಲ್ಲಿ ಕಟ್ಟುವ ಗುಬ್ಬಿಗೂಡು ತುಸು ತೇವವಿದ್ದಾಗ ನಿಲ್ಲುತ್ತದೆ, ನೀರು ಸುರಿದರೆ ಕರಗುತ್ತದೆ. ಗೋಡೆಯದೂ ಅದೇ ಪಾಡು. ಕಲ್ಲಿನ ಗೋಡೆಯಾದರೆ ಗಟ್ಟಿ ಎಂಬ ನಂಬಿಕೆಯೂ ಅರ್ಧ ಸತ್ಯ. ಎರಡಡಿ ದಪ್ಪದ ಆ ಗೋಡೆಗಳಿಗೆ ಎರಡು ಮೈ. ನಡುವೆ ಮಣ್ಣು, ಕಲ್ಲಿನ ಚಕ್ಕೆ ತುಂಬಿರುತ್ತಾರೆ. ನೀರು ಒಳಗಿನ ಮಣ್ಣನ್ನು ತೊಳೆದುಕೊಂಡು ಹೋದಂತೆ ಮೈಗಳು ಹೊಟ್ಟೆ ಬಿಟ್ಟು ಬೇರೆಯಾಗುತ್ತವೆ. 1993ರಲ್ಲಿ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥವೇ ಗೋಡೆಗಳು. ಎರಡೂ ಮೈಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಆರಪಾರ ಇಡುವುದು, ಪಾಯದ ಮೇಲೂ ಬಾಗಿಲಿನ ತಲೆಯ ಮೇಲೂ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟುವುದು ಭೂಕಂಪಕ್ಕೂ ನೆರೆಗೂ ಒಂದೇ ಔಷಧಿ.

ಮಣ್ಣನ್ನೇ ಬಿಡಬೇಕಾಗಿಲ್ಲ. ಮಣ್ಣಿಗೆ ನೂರಕ್ಕೆ ಏಳು ಪಾಲಿನಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ನೀರಿನಲ್ಲಿ ಕರಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದೆ. ಆದರೆ ಅಪ್ಪಟ ಎರೆ ಮಣ್ಣು ಇದಕ್ಕೆ ಆಗಿಬರುವುದಿಲ್ಲ, ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣು ಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಮನೆಗಳು ಬೀಳುವುದು ನೀರು ಇಳಿದ ಮೇಲೆ. ಹೊರಗಿನ ನೀರು ಸರಿದಿರುತ್ತದೆ, ಗೋಡೆಯ ಹೊಟ್ಟೆಯಲ್ಲಿ ಕುಡಿದ ನೀರು ಹಾಗೆಯೇ ಇರುತ್ತದೆ. ಭಾರ ಹೆಚ್ಚಿದೆ, ಬಲ ಇಲ್ಲ, ಆಸರೆಗಿದ್ದ ನೀರೂ ಹೋಗಿದೆ. ಕಾಳಜಿ ಕೇಂದ್ರದಿಂದ ಮರಳಿದವರು ಪಾತ್ರೆ ಪಗಡೆ ತರಲು ಒಳಗೆ ಹೋಗುವ ಹೊತ್ತು ಅದೇ.

ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ ಮಾತು ಬಿಟ್ಟರೆ ಉತ್ತರ ಕರ್ನಾಟಕದ ಮನೆಯ ಮಾತು ಪೂರ್ತಿಯಾಗದು. ಅರ್ಧ ಅಡಿ ದಪ್ಪದ ಮಣ್ಣಿನ ಮಾಳಿಗೆ ಒಂದು ಚದರ ಮೀಟರಿಗೆ ಕಾಲು ಟನ್ ತೂಗುತ್ತದೆ. ಮಳೆಗಾಲಕ್ಕೆ ಮುನ್ನ ಮೇಲೆ ಹೊಸ ಮಣ್ಣು ಹಾಕುತ್ತಾ ಹೋದರೆ ಅದು ಬೆಳೆಯುತ್ತಲೇ ಇರುತ್ತದೆ. 2009ರಂಥ ಮಳೆಗೆ ಅದು ನೆನೆದು ಇನ್ನಷ್ಟು ಭಾರವಾಗುತ್ತದೆ. ಬೇಸಿಗೆಯಲ್ಲಿ ಅಷ್ಟು ತಂಪು ಕೊಡುವ ಮಾಳಿಗೆಯನ್ನು ಬಯ್ಯಲು ನನಗೆ ಮನಸ್ಸಿಲ್ಲ. ಕಂಬ, ತೊಲೆಗಳ ಮೇಲೆ ಜಂತಿ ಕೂರಿಸಿದ ಹಳೆಯ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಲ್ಲುವುದುಂಟು, ಏಕೆಂದರೆ ಅದರ ಭಾರ ಗೋಡೆಯ ಮೇಲೆ ಇರುವುದೇ ಇಲ್ಲ. ಕಂಬದ ಖರ್ಚು ಉಳಿಸಲು ಜಂತಿಯನ್ನು ನೇರ ಮಣ್ಣಿನ ಗೋಡೆಗೆ ಚುಚ್ಚಿದ ಮನೆಗಳದ್ದು ಹಾಗಲ್ಲ.

ಆದರೆ ಗೋಡೆ, ಮಾಳಿಗೆಗಳೆಲ್ಲ ಎರಡನೆಯ ಮಾತು. ಗೌಂಡಿ ಕೇಳಿದ್ದೇ ಮೊದಲನೆಯದು. ಯಾವ ಎತ್ತರ? ರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ ಆಸ್ಪತ್ರೆ, ವಿದ್ಯುತ್ ಕೇಂದ್ರದಂಥವು ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲಿರಬೇಕು, ವಾಸದ ಮನೆಗಳು 25 ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟಕ್ಕಿಂತ ಮೇಲೆ. ಇಪ್ಪತ್ತೈದು ವರ್ಷ ಎಂದ ಕೂಡಲೇ ಜನ ನಿಟ್ಟುಸಿರು ಬಿಡುತ್ತಾರೆ, ‘ಇನ್ನು ನಮ್ಮ ಕಾಲಕ್ಕೆ ಬಾರದು’ ಎಂದು. ಆ ಮಾತಿನ ಅರ್ಥ ಅದಲ್ಲ. ಪ್ರತಿ ವರ್ಷವೂ ನೂರಕ್ಕೆ ನಾಲ್ಕು ಪಾಲು ಸಾಧ್ಯತೆ ಎಂದಷ್ಟೇ. ಒಂದು ಮನೆ 30 ವರ್ಷ ಬಾಳಿದರೆ ಅಷ್ಟರೊಳಗೆ ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ನೂರಕ್ಕೆ 70. ನೂರು ವರ್ಷದ ನೆರೆಯನ್ನು ಕಾಣುವ ಸಾಧ್ಯತೆಯೂ 26. ಮಲಪ್ರಭೆಯ ದಂಡೆಯವರು ಹತ್ತೇ ವರ್ಷದಲ್ಲಿ ಎರಡು ದೊಡ್ಡ ನೆರೆ ಕಂಡರು. ಅಣೆಕಟ್ಟೆಯಲ್ಲಿ ನೀರು ನಿಂತು ಹೊಳೆ ಒಣಗಿದ ವರ್ಷಗಳಲ್ಲಿ ಹೊಲಗಳು ಪಾತ್ರದೊಳಕ್ಕೇ ಇಳಿದಿರುತ್ತವೆ. ಹರಿಯಲು ಜಾಗವಿಲ್ಲದ ನೀರು ಮೇಲಕ್ಕೆ ಏರುತ್ತದೆ. ನೆರೆ ಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದು ಎಂಬುದಕ್ಕೆ ಕೇಂದ್ರ ಸರ್ಕಾರ 1975ರಲ್ಲೇ ಮಾದರಿ ಮಸೂದೆ ಕಳಿಸಿತ್ತು. ಅದನ್ನು ಕಾನೂನು ಮಾಡಿಕೊಂಡ ರಾಜ್ಯಗಳನ್ನು ಒಂದು ಕೈಯ ಬೆರಳುಗಳಲ್ಲೇ ಎಣಿಸಬಹುದು. ಕರ್ನಾಟಕ ಆ ಎಣಿಕೆಯಲ್ಲಿ ಇಲ್ಲ.

ಕಾಕಾನ ಮನೆಗೆ ಲೆಕ್ಕ ಹಾಕಿದೆ. ಗೆರೆ ನಾಲ್ಕು ಅಡಿ, ಮೇಲೊಂದು ಅಡಿ ಎಚ್ಚರಿಕೆಗೆ; ಒಟ್ಟು ಐದು. ಅಂದುಕೊಂಡದ್ದಕ್ಕಿಂತ ಮೂರು ಅಡಿ ಹೆಚ್ಚು. ಇಪ್ಪತ್ತಕ್ಕೆ ಮೂವತ್ತರ ಮನೆಗೆ ಮೂರಡಿ ಗರಸು ತುಂಬಲು 18 ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಬೇಕು, ದಮ್ಮಸು ಮಾಡಿದರೆ ಕುಗ್ಗುವುದರಿಂದ ಇನ್ನೂ ಮೂರ್ನಾಲ್ಕು. ಎರೆ ನೆಲವಾದ್ದರಿಂದ ಅದು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಪಾಯವನ್ನು ಆಳಕ್ಕೆ ಇಳಿಸಲೇಬೇಕು. ತುಂಬಿದ ಗರಸು ನೆನೆದಾಗ ಪಾಯದ ಗೋಡೆಯನ್ನು ಹೊರಕ್ಕೆ ದೂಡದಂತೆ ಕಲ್ಲಿನ ಸಂದಿಯಲ್ಲಿ ನೀರು ಸೋರುವ ತೂತುಗಳನ್ನೂ ಬಿಡಬೇಕು. ‘ಇದೇನು ಗುಡಿ ಕಟ್ಟಲಿಕ್ಕೆ ನಿಂತಿದ್ದೇವೆಯೇ?’ ಎಂದರು ಕಾಕಾ. ಉಪಮೆ ತಪ್ಪಲ್ಲ. ಅದೇ ಹೊಳೆಯ ದಂಡೆಯ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ 2019ರಲ್ಲಿ ನೀರು ನುಗ್ಗಿತ್ತು. ಎತ್ತರದ ಅಧಿಷ್ಠಾನದ ಮೇಲೆ ಕುಳಿತ, ಮಣ್ಣಿನ ಹಂಗಿಲ್ಲದ ಕಲ್ಲುಗಳು ಹನ್ನೆರಡು ಶತಮಾನಗಳಿಂದ ಅಲ್ಲೇ ಇವೆ.

ಗೌಂಡಿ ಮಾತ್ರ ನಾನು ಯೋಚಿಸದೇ ಇದ್ದದ್ದನ್ನು ಕೇಳಿದ. ‘ಐದು ಅಡಿ ಎಮ್ಮೆ ಹೇಗೆ ಹತ್ತಬೇಕು?’

ನಮ್ಮ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಕೆಳಗಿನ ನೆಲ ದನಗಳದ್ದು, ಒಂದೆರಡು ಅಡಿ ಮೇಲಿನ ಪಡಸಾಲೆ ಮನುಷ್ಯರದ್ದು. ಜೋಳ ಇನ್ನೂ ಕೆಳಗೆ, ನೆಲದೊಳಗೆ ತೋಡಿದ ಹಗೇವಿನಲ್ಲಿ. ಕಳ್ಳರಿಗೆ, ಬರಕ್ಕೆ ಹೇಳಿಮಾಡಿಸಿದ ಮನೆ. ನೆರೆ ಬಂದರೆ ಮೊದಲು ಹೋಗುವುದು ಕಾಳು, ಆಮೇಲೆ ದನ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಕಟ್ಟಿದ ಮನೆಗಳು ನೀರಿನಿಂದ ದೂರವಿದ್ದವು, ನಿಜ. ಆದರೆ ಗೋದಲಿಗೆ ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಿಲಿಲ್ಲ, ಹೊಲ ದೂರ. ಹಲವು ಊರುಗಳಲ್ಲಿ ಆ ಮನೆಗಳಿಗೆ ಬೀಗ ಬಿದ್ದು ಅಂಗಳದಲ್ಲಿ ಜಾಲಿ ಬೆಳೆಯಿತು. ಜನ ಹೊಳೆಯ ದಂಡೆಗೇ ಮರಳಿದರು. ಅವರನ್ನು ಮೊಂಡರೆಂದು ಬಯ್ಯುವುದು ಸುಲಭ. ನನ್ನ ಮಟ್ಟಿಗೆ ಅದು ವಿನ್ಯಾಸದ ತಪ್ಪು. ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಅದಾದರೆ ಇನ್ನಷ್ಟು ಊರುಗಳು ಜಾಗ ಬದಲಿಸಬೇಕು. ಅಲ್ಲಿನ ನಕ್ಷೆ ಬರೆಯುವವರು ಮನೆಯ ಚದರಡಿಗೆ ಮುನ್ನ ಎಮ್ಮೆಯ ಚದರಡಿ ಕೇಳಲಿ.

ಗೌಂಡಿಯ ಪ್ರಕಾರ ಗಬ್ಬದ ಎಮ್ಮೆ ಜಾರದೆ ಹತ್ತಬೇಕಾದರೆ ಒಂದಡಿ ಏರಿಗೆ ಆರಡಿ ಉದ್ದ ಬೇಕು. ಐದು ಅಡಿಗೆ ಮೂವತ್ತು. ಕಾಕಾ ಟೇಪಿನ ತುದಿಯನ್ನು ಹೊಸ್ತಿಲಿನ ಜಾಗದಲ್ಲಿ ಹಿಡಿದು ನಿಂತರು, ಗೌಂಡಿ ಇನ್ನೊಂದು ತುದಿ ಹಿಡಿದು ನಡೆದ. ಹದಿನಾಲ್ಕು ಅಡಿಗೆ ನಮ್ಮ ಜಾಗ ಮುಗಿಯಿತು. ಅವನು ನಿಲ್ಲದೆ ಓಣಿಯನ್ನು ದಾಟಿ ಎದುರು ಮನೆಯ ಕಟ್ಟೆಯವರೆಗೆ ಹೋದ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ಅದೇನು ಅಳೆಯುತ್ತಿದ್ದೀರಿ ಎಂದು ಕೇಳಿದರು. ಕಾಕಾ ವಿಷಯ ಹೇಳಿದರು. ‘ಹಾಗಾದರೆ ನಮ್ಮ ಎಮ್ಮೆಗಳೂ ಅದರ ಮೇಲೇ ಹತ್ತಲಿ’ ಎಂದರು ಅವರು. ಓಣಿ ಪಂಚಾಯಿತಿಯದ್ದು. ಅರ್ಜಿ ಯಾರು ಬರೆಯಬೇಕು ಎಂಬ ಮಾತು ಚಹಾ ಮುಗಿಯುವವರೆಗೂ ನಡೆಯಿತು.