ಉಪ್ಪು ತಿಂದ ಐಸಿ

ಮಳೆಗಾಲದಲ್ಲಿ ನಮ್ಮ ಕರಾವಳಿಯ ಅಡುಗೆಮನೆಗಳ ಉಪ್ಪಿನ ಭರಣಿ ನೋಡಿದ್ದೀರಲ್ಲ? ಮೇ ತಿಂಗಳಲ್ಲಿ ತುಂಬಿಟ್ಟ ಸಾಣಿಕಟ್ಟಾ ಉಪ್ಪು ಜುಲೈ ಹೊತ್ತಿಗೆ ತಳದಲ್ಲಿ ನೀರು ಬಿಟ್ಟುಕೊಂಡಿರುತ್ತದೆ. ಆ ನೀರು ಯಾರೂ ಹೊಯ್ದದ್ದಲ್ಲ, ಉಪ್ಪೇ ಗಾಳಿಯಿಂದ ಎಳೆದುಕೊಂಡದ್ದು. ಶುದ್ಧ ಸೋಡಿಯಂ ಕ್ಲೋರೈಡ್ ಹೀಗೆ ನೀರಾಗಲು ಗಾಳಿಯ ಆರ್ದ್ರತೆ ಶೇ. 75ರಷ್ಟಾದರೂ ಇರಬೇಕು. ಕಡಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗಾದರೆ ಶೇ. 33 ಸಾಕು. ಕಾರವಾರದ ಗಾಳಿಯಲ್ಲಿ ಅದು ಪೂರ್ತಿ ಒಣಗುವ ದಿನವೇ ಅಪರೂಪ.

ಭರಣಿಯ ಮಾತು ಯಾಕೆ ತೆಗೆದೆನೆಂದರೆ, ಹೋದ ಮಳೆಗಾಲದಲ್ಲಿ ಕಾರವಾರದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಕೂತು ಸೂಕ್ಷ್ಮದರ್ಶಕದೊಳಗೆ ಇಣುಕಿದಾಗ ನನಗೆ ಕಂಡದ್ದು ಥೇಟ್ ಆ ಭರಣಿಯ ತಳ. ಫೋನು ಬೈತಖೋಲ್ ಕಡೆಯ ಮೀನುಗಾರರೊಬ್ಬರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ, ವರ್ಷವಿಡೀ ಹೇಗೋ ನೂಕಿಕೊಂಡು ಬಂದ ಫೋನುಗಳೂ ಆಗಲೇ ದಡ ಸೇರುತ್ತವೆ. “ಮಿಂಚಿನ ಗುರುತು ಬರ್ತದೆ, ಪರ್ಸೆಂಟ್ ಮಾತ್ರ ಏರೂದಿಲ್ಲ” ಎಂದು ಅವರ ದೂರು. ರಿಪೇರಿಯವರ ಭಾಷೆಯಲ್ಲಿ ಇದು ‘ಫೇಕ್ ಚಾರ್ಜಿಂಗ್’. ತಿಂಗಳ ಹಿಂದೆ ಬೇರೆಲ್ಲೋ ಚಾರ್ಜಿಂಗ್ ಐಸಿ, ಅಂದರೆ ಚಾರ್ಜಿಂಗ್ ನೋಡಿಕೊಳ್ಳುವ ಚಿಪ್ಪು, ಬದಲಾಯಿಸಿ ಆಗಿತ್ತಂತೆ. ಇಪ್ಪತ್ತು ದಿನ ನಡೆದು ಮತ್ತೆ ಅದೇ ಕತೆ.

ಹೆಸರು ಕೇಳಿದರೆ ಚಾರ್ಜಿಂಗ್ ಐಸಿ ಅಂದರೆ ಬ್ಯಾಟರಿಗೆ ಕರೆಂಟು ತುಂಬುವ ಪಂಪು ಅನಿಸುತ್ತದೆ. ಅಸಲಿಗೆ ಅದರ ಮುಖ್ಯ ಕೆಲಸ ತಡೆಯುವುದು. ಅಘನಾಶಿನಿ ಅಳಿವೆಯಲ್ಲಿ ಉಪ್ಪುನೀರು ಹತ್ತಿಳಿಯುವ ಗಜನಿ ಗದ್ದೆಗಳಲ್ಲಿ ಭರತ-ಇಳಿತ ನೋಡಿ ಕಟ್ಟೆಯ ಬಾಗಿಲು ತೆಗೆದು ಹಾಕುವವನೊಬ್ಬ ಇರುತ್ತಾನಲ್ಲ, ಈ ಚಿಪ್ಪು ಅವನ ಜಾತಿಯದು. ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಸೋನಿ ಕಂಪನಿಯ ಕೈಯಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಒಂದೇ ಹಟ: ಮೇಲಿನ ಗೆರೆ ದಾಟಬೇಡಿ. ಬಹುಕಾಲ ಆ ಗೆರೆ 4.2 ವೋಲ್ಟ್ ಇತ್ತು, ಈಗಿನ ಫೋನುಗಳಲ್ಲಿ 4.4ರ ಆಸುಪಾಸು. ಅದಕ್ಕಿಂತ ಒಂದೆರಡು ದಶಾಂಶ ಹೆಚ್ಚಾದರೂ ಒಳಗೆ ಲಿಥಿಯಂ ಲೋಹವಾಗಿ ಕೂರತೊಡಗುತ್ತದೆ, ಅನಿಲ ಹುಟ್ಟುತ್ತದೆ, ಬ್ಯಾಟರಿ ಹಲಸಿನ ಹಪ್ಪಳದ ಹಾಗೆ ಉಬ್ಬುತ್ತದೆ. ತೀರಾ ಬರಿದಾಗಿ 3 ವೋಲ್ಟಿಗಿಂತ ಕೆಳಗಿಳಿದ ಬ್ಯಾಟರಿಗೂ ಏಕಾಏಕಿ ತುಂಬುವಂತಿಲ್ಲ. ಉಪವಾಸ ಬಿಡುವವರಿಗೆ ಗಂಜಿ ಕೊಟ್ಟ ಹಾಗೆ ಮೊದಲು ತುಸುವೇ ಕರೆಂಟು, ಆಮೇಲೆ ಭರ್ತಿ, ಕೊನೆಗೆ ವೋಲ್ಟೇಜನ್ನು ಹಿಡಿದಿಟ್ಟು ಕರೆಂಟನ್ನು ಕಡಿಮೆ ಮಾಡುತ್ತ ಬರುವುದು. ಎಂಬತ್ತರಿಂದ ನೂರಕ್ಕೆ ಹೋಗಲು ಫೋನು ಅಷ್ಟು ಹೊತ್ತು ಎಳೆಯುವುದು ಇದಕ್ಕೇ.

ಜೊತೆಗೆ ವೋಲ್ಟೇಜ್ ಇಳಿಸುವ ಕೆಲಸ. ಫಾಸ್ಟ್ ಚಾರ್ಜರಿನಿಂದ 9 ವೋಲ್ಟ್ ಬರುತ್ತಿದೆ, ಬ್ಯಾಟರಿಗೆ ಬೇಕಾದದ್ದು 4 ಎಂದುಕೊಳ್ಳಿ. ಮಿಕ್ಕ 5 ವೋಲ್ಟನ್ನು ಸುಮ್ಮನೆ ಕಾವಾಗಿ ಸುಟ್ಟರೆ, 2 ಆಂಪಿಯರ್ ಹರಿಯುವಾಗ 10 ವಾಟ್. ಫೋನನ್ನು ಕೈಯಲ್ಲಿ ಹಿಡಿಯಲಾಗದು. ಅದಕ್ಕೇ ಚಿಪ್ಪು ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ಬಿಟ್ಟು ಹಿಡಿದು, ಪಕ್ಕದ ಪುಟ್ಟ ಕಾಯಿಲ್‌ನಲ್ಲಿ ಕೂಡಿಟ್ಟು, ಸಪಾಟು ಮಾಡಿ ಮುಂದೆ ಕಳಿಸುತ್ತದೆ. ಇಷ್ಟೆಲ್ಲ ಮಾಡುವ ವಸ್ತುವಿನ ಗಾತ್ರ ಒಂದು ತೊಗರಿಬೇಳೆಯಷ್ಟೂ ಇಲ್ಲ.

ಇಷ್ಟು ಜವಾಬ್ದಾರಿ ಹೊತ್ತವನ ಮೇಲೆ ಆರೋಪಗಳೂ ಜಾಸ್ತಿ. ಚಾರ್ಜ್ ಆಗಲಿಲ್ಲವೆಂದರೆ ‘ಐಸಿ ಹೋಗಿದೆ’ ಎಂದುಬಿಡುವುದು ಸುಲಭ. ಆದರೆ ಚಿಪ್ಪು ಎಷ್ಟೋ ಸಲ ಕೆಟ್ಟಿರುವುದಿಲ್ಲ, ಕೆಲಸ ನಿರಾಕರಿಸಿರುತ್ತದೆ. ಬ್ಯಾಟರಿಯ ಕಾವು ಅಳೆಯುವ ಪುಟ್ಟ ಥರ್ಮಿಸ್ಟರಿನ ದಾರಿ ಕಡಿದರೆ ಅದಕ್ಕೆ ಬ್ಯಾಟರಿ ಬಿಸಿಯೋ ತಂಪೋ ಗೊತ್ತಾಗುವುದಿಲ್ಲ. ಗೊತ್ತಿಲ್ಲದಾಗ ಸುಮ್ಮನಿರುವ ವಿವೇಕ ಅದಕ್ಕಿದೆ. ಪೋರ್ಟಿನಲ್ಲಿ ಕಸ ತುಂಬಿದ್ದರೂ, ಕೇಬಲ್ಲಿನ ಒಳಗೊಂದು ಎಳೆ ತುಂಡಾಗಿದ್ದರೂ ಹೊರಗೆ ಕಾಣುವ ಲಕ್ಷಣ ಒಂದೇ. ಶಿರಸಿಯಲ್ಲಿ ಗೆಳೆಯನೊಬ್ಬನ ಫೋನು ಏಪ್ರಿಲ್ ತಿಂಗಳ ಗುಡುಗು-ಸಿಡಿಲಿನ ಸಂಜೆ ಚಾರ್ಜಿನಲ್ಲಿದ್ದಾಗಲೇ ಸತ್ತಿತ್ತು. ಎಲ್ಲರೂ ಐಸಿಯನ್ನೇ ಶಂಕಿಸಿದರು. ಸುಟ್ಟದ್ದು ಅದರ ಮುಂದೆ ನಿಂತಿದ್ದ, ಅತಿ ವೋಲ್ಟೇಜ್ ತಡೆಯುವ ಇನ್ನೊಂದು ಚಿಪ್ಪು. ಬಾಗಿಲಲ್ಲೇ ಪೆಟ್ಟು ತಿಂದು ಅದು ಒಳಗಿನವನನ್ನು ಉಳಿಸಿತ್ತು.

ಹಾಗಾದರೆ ಗೊತ್ತು ಹಚ್ಚುವುದು ಹೇಗೆ? ಅಂಗಡಿಯ ಹುಡುಗ ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬೋರ್ಡಿನ ಗ್ರೌಂಡಿಗೆ ಒತ್ತಿ, ಕರಿ ಕಡ್ಡಿಯಿಂದ ಒಂದೊಂದೇ ಬಿಂದು ಮುಟ್ಟುತ್ತ ಹೋದ. ಚಿಪ್ಪಿನ ಪ್ರತಿ ಸಿಗ್ನಲ್ ಕಾಲಿನ ಹಿಂದೆಯೂ ಒಂದೇ ದಿಕ್ಕಿಗೆ ಕರೆಂಟು ಬಿಡುವ ಸಿಲಿಕಾನಿನ ರಕ್ಷಣಾ ಡಯೋಡ್ ಇರುವುದರಿಂದ ಮೀಟರ್ 0.3ರಿಂದ 0.7 ವೋಲ್ಟಿನ ನಡುವೆ ಏನಾದರೊಂದು ತೋರಿಸಬೇಕು. ಸೊನ್ನೆ ಬಂದರೆ ಶಾರ್ಟ್. ಏನೂ ಬಾರದಿದ್ದರೆ ದಾರಿ ಕಡಿದಿದೆ. ಸರಿಯಿರುವ ಅದೇ ಮಾಡೆಲ್ಲಿನ ಬೋರ್ಡಿನ ಅಂಕೆಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವುದು. ನಾಡಿ ನೋಡುವ ವಿದ್ಯೆಯೇ. ಇಲ್ಲಿ ಎರಡು ಕಾಲುಗಳ ಅಂಕೆ ತೀರಾ ಕೆಳಗಿತ್ತು, ಪೂರ್ತಿ ಸೊನ್ನೆಯೂ ಅಲ್ಲ. “ಲೀಕೇಜ್” ಎಂದ. “ಕೆಳಗೆ ಏನೋ ಕೂತಿದೆ.”

ಚಿಪ್ಪು ಎತ್ತದೆ ಗತಿಯಿರಲಿಲ್ಲ. ಅದಕ್ಕೆ ಹೊರಗೆ ಕಾಣುವ ಕಾಲುಗಳಿಲ್ಲ; ಹೊಟ್ಟೆಯಡಿ ಸಾಲಾಗಿ ತವರದ ಗುಂಡುಗಳು, ಎರಡು ಗುಂಡುಗಳ ನಡುವೆ ಸುಮಾರು 0.4 ಮಿಲಿಮೀಟರ್. ಸುತ್ತ ಇರುವ ಕೆಪಾಸಿಟರುಗಳ ಮುಂದೆ ಸಾಸಿವೆ ಕಾಳು ಗುಡಾಣ. ಅವಕ್ಕೆಲ್ಲ ಕಾವು ತಡೆಯುವ ಹಳದಿ ಟೇಪು ಹಚ್ಚಿ, ಚಿಪ್ಪಿನ ಅಂಚಿಗೆ ಫ್ಲಕ್ಸ್ ಪೇಸ್ಟ್ ಬಳಿದು, ಮೇಲಿಂದ ಬಿಸಿಗಾಳಿ ಊದತೊಡಗಿದ. ಸೀಸವಿಲ್ಲದ ಬೆಸುಗೆ ಕರಗುವುದು 217 ಡಿಗ್ರಿ ಸೆಲ್ಸಿಯಸ್ ಹತ್ತಿರ. ಆದರೆ ಬ್ಲೋವರಿನಲ್ಲಿ 350 ಇಡಬೇಕಾಗುತ್ತದೆ, ಯಾಕೆಂದರೆ ಬೋರ್ಡಿನ ಒಳಪದರದ ತಾಮ್ರ ಕಾವನ್ನೆಲ್ಲ ಆಚೀಚೆ ಎಳೆದುಕೊಂಡು ಹೋಗುತ್ತದೆ. ಫ್ಲಕ್ಸ್ ಹೊಗೆಯಾಡಿ ರಾಳದ ವಾಸನೆ ಎದ್ದಿತು. ಅದು ಪೈನ್ ಮರದ ರಾಳವೇ. ಬಿಸಿಯಾದಾಗ ಅದರೊಳಗಿನ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪೊರೆಯನ್ನು ತಿಂದುಹಾಕುತ್ತದೆ. ವಾಸನೆ ದೇವಸ್ಥಾನದ ನೆನಪು ತಂದರೂ ದಿನವಿಡೀ ಉಸಿರಾಡಿದರೆ ಅಸ್ತಮಾ ಹಿಡಿಸುವಂಥದ್ದು. ಅಂಗಡಿಯಲ್ಲಿ ಹೊಗೆ ಎಳೆಯುವ ಫ್ಯಾನೂ ಇರಲಿಲ್ಲ. ಹೇಳಿದೆ, ನಕ್ಕ.

ಚಿಪ್ಪು ಎದ್ದಿತು. ಕೆಳಗೆ ಹಸಿರು-ನೀಲಿ ಬೂಷ್ಟು, ನಡುವೆ ಬಿಳಿ ಹರಳು. ಭರಣಿಯ ತಳ ಎಂದೆನಲ್ಲ, ಇದೇ.

ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಾವಿನೀರಿಗೆ ಹೋಲಿಸಿದರೆ ಅದು ಸರಿಸುಮಾರು ನೂರು ಪಟ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ. ಫೋನಿನೊಳಗೆ ಬಿದ್ದ ಹನಿ ಒಣಗಿತು ಎಂದುಕೊಳ್ಳುತ್ತೇವೆ. ಒಣಗಿದ್ದು ನೀರು, ಉಪ್ಪು ಅಲ್ಲೇ ಇರುತ್ತದೆ. ಮೊದಲ ಮೋಡಕ್ಕೆ ಅದು ಮತ್ತೆ ನೀರೆಳೆದು ಒದ್ದೆಯಾಗುತ್ತದೆ. ಆಗ ಚಾರ್ಜಿಗೆ ಹಾಕಿದಿರೋ, ಬೋರ್ಡಿನ ಮೇಲೆ ವಿದ್ಯುದ್ವಿಭಜನೆ ಶುರು. ಧನ ತುದಿಯ ತಾಮ್ರ ಕರಗಿ ಅಯಾನುಗಳಾಗಿ ಆ ಒದ್ದೆ ಪೊರೆಯಲ್ಲಿ ಈಜಿ ಋಣ ತುದಿ ಸೇರಿ ಮತ್ತೆ ಲೋಹವಾಗುತ್ತದೆ. ಕವಲೊಡೆದು ಗಿಡದ ಬೇರಿನಂತೆ ಬಂದ ದಾರಿಯಲ್ಲೇ ಹಿಂದಕ್ಕೆ ಬೆಳೆಯುತ್ತದೆ. 0.4 ಮಿಲಿಮೀಟರ್ ದಾಟಲು ಅದಕ್ಕೆ ಬಹಳ ದಿನ ಬೇಡ. ಹಿಂದಿನ ಸಲ ಚಿಪ್ಪು ಹೊಸದು ಬಂದಿತ್ತು, ಉಪ್ಪು ಹಳೆಯದೇ ಉಳಿದಿತ್ತು.

ಅಕ್ಕಿ ಡಬ್ಬಿಯ ವೈದ್ಯವೂ ಇಲ್ಲಿ ನಡೆಯದು. ಕುಚ್ಚಲಕ್ಕಿಯಾಗಲಿ ಸೋನಾ ಮಸೂರಿಯಾಗಲಿ, ಅಕ್ಕಿ ಉಪ್ಪನ್ನು ಎಳೆಯುವುದಿಲ್ಲ. ಅದರ ಹುಡಿ ಒಳಗೆ ಹೋಗಿ ಕೂರುತ್ತದೆ ಅಷ್ಟೇ. ಆಪಲ್ ಕಂಪನಿ 2024ರಲ್ಲಿ ಹೀಗೆ ಮಾಡಬೇಡಿ ಎಂದು ಬರೆದೇ ಹೇಳಿತು. ಉಪ್ಪು ಹೋಗಬೇಕಾದರೆ ಬಿಚ್ಚಿದ ಬೋರ್ಡನ್ನು ತೊಳೆಯಬೇಕು, ಅದೂ ನೀರಿನಿಂದ! ಲವಣವಿಲ್ಲದ ಡಿಸ್ಟಿಲ್ಡ್ ವಾಟರಿನಲ್ಲಿ ಬ್ರಶ್ ಹಾಕಿ ತಿಕ್ಕಿ, ಆಮೇಲೆ ನೀರನ್ನು ಓಡಿಸಲು ಐಸೊಪ್ರೊಪೈಲ್ ಆಲ್ಕೊಹಾಲ್. ನೀರಲ್ಲಿ ಕೆಟ್ಟದ್ದನ್ನು ನೀರಲ್ಲೇ ತೊಳೆಯುವುದನ್ನು ನೋಡಿ ಫೋನಿನ ಯಜಮಾನರ ಮುಖ ಸಣ್ಣಗಾಯಿತು.

ಹಳೆ ಬೆಸುಗೆಗೆ ಸೀಸ ಬೆರೆತ ಬೆಸುಗೆ ಕೂಡಿಸಿದರೆ ಮಿಶ್ರಣ ಕಡಿಮೆ ಕಾವಿಗೇ ಕರಗುತ್ತದೆ. ಹಾಗೆ ಕರಗಿಸಿ, ತಾಮ್ರದ ಜಾಲರಿಪಟ್ಟಿಯಿಂದ ಹೀರಿ ತೆಗೆದು, ನೆಲ ಸಾರಿಸಿದಷ್ಟು ಚೊಕ್ಕ ಮಾಡಿದ. ಮತ್ತೆ ಫ್ಲಕ್ಸ್, ಮೇಲೆ ಹೊಸ ಚಿಪ್ಪು. ಕಣ್ಣಿಗೆ ತುಸು ಸೊಟ್ಟಗೇ ಕೂತಿತ್ತು. ಬಿಸಿಗಾಳಿ ತಾಗಿ ಅರ್ಧ ನಿಮಿಷ ಕಳೆದಿರಬೇಕು, ಚಿಪ್ಪು ತಾನಾಗಿ ಮಿಸುಕಿ, ತಿರುಗಿ, ಸರಿಯಾದ ಜಾಗಕ್ಕೆ ಬಂದು ನಿಂತಿತು. ಯಾರೂ ಮುಟ್ಟಿರಲಿಲ್ಲ. ಕರಗಿದ ತವರದ ಮೇಲ್ಮೈ ಸೆಳೆತ ನೀರಿನದಕ್ಕಿಂತ ಆರೇಳು ಪಟ್ಟು ಹೆಚ್ಚು. ಗುಂಡುಗಳೆಲ್ಲ ಒಟ್ಟಿಗೆ ತಮ್ಮ ಮೇಲ್ಮೈ ಕುಗ್ಗಿಸಿಕೊಳ್ಳಲು ಎಳೆದಾಗ ಚಿಪ್ಪಿಗೆ ಬೇರೆ ಜಾಗವೇ ಇರುವುದಿಲ್ಲ. ಹುಡುಗ ಚಿಮಟದ ತುದಿಯಿಂದ ಅದನ್ನೊಮ್ಮೆ ಮೆಲ್ಲನೆ ದೂಡಿದ. ತೊಟ್ಟಿಲಿನಂತೆ ಓಲಾಡಿ ಮತ್ತೆ ಅಲ್ಲಿಗೇ ಬಂತು. ಗುಂಡುಗಳೆಲ್ಲ ಕರಗಿವೆ ಎನ್ನುವುದಕ್ಕೆ ಅದೇ ಗುರುತು. ಇದನ್ನು ನೋಡಲಿಕ್ಕಾದರೂ ಒಮ್ಮೆ ಇಂಥ ಅಂಗಡಿಯಲ್ಲಿ ಕೂರಬೇಕು.

ಬ್ಯಾಟರಿ ಸಿಕ್ಕಿಸಿ, ಕೇಬಲ್ಲಿನ ನಡುವೆ ಮೀಟರಿಟ್ಟು ಚುಚ್ಚಿದ. 0.06 ಆಂಪಿಯರಿನಲ್ಲಿ ತಿಣುಕುತ್ತಿದ್ದದ್ದು ಈಗ 0.4, 0.9, ಕೊನೆಗೆ 1.4ಕ್ಕೆ ಹೋಗಿ ನಿಂತಿತು. ಮೀನುಗಾರರು ಮೀಟರ್ ನೋಡಲಿಲ್ಲ, ಪರದೆಯ ಪರ್ಸೆಂಟನ್ನೇ ನೋಡುತ್ತ ನಿಂತರು. ಏಳು ಇದ್ದದ್ದು ಎಂಟಾದ ಮೇಲೆ ದುಡ್ಡು ತೆಗೆದರು.

“ಒದ್ದೆ ಇದ್ದಾಗ ಮಾತ್ರ ಚಾರ್ಜಿಗೆ ಹಾಕಬೇಡಿ ಮಾಮಾ. ಒಣಗಿದ ಮೇಲೆ ಹಾಕಿ.”

“ದೋಣಿಯಲ್ಲಿ ಒಣಗಿದ್ದು ಅಂತ ಏನಿರ್ತದೆ ಮಾರಾಯಾ?” ಎಂದು ಅವರು ಫೋನನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ, ಬಾಯಿಗೆ ಎರಡು ಸುತ್ತು ರಬ್ಬರ್ ಬ್ಯಾಂಡ್ ಬಿಗಿದು, ಕೊಡೆ ಬಿಚ್ಚಿಕೊಂಡು ಹೊರಟರು.