ಏರ್ ಹ್ಯಾಮರ್‌ಗೆ ಗಾಳಿ ಸಾಲ್ತಿಲ್ಲ ಅಂದ್ರೆ ಎಲ್ಲಿ ಸಾಲ್ತಿಲ್ಲ?

ಇದು ಪಿಸ್ಟನ್ ಹಿಂದೆ ಮುಂದೆ ಓಡೋ ಗಾಳಿ ಟೂಲ್‌ಗಳ ಬಗ್ಗೆ ಟಿಪ್ಪಣಿ. ಅಂದ್ರೆ ಏರ್ ಹ್ಯಾಮರ್, ಚಿಪ್ಪಿಂಗ್ ಹ್ಯಾಮರ್, ರಿವೆಟ್ ಗನ್, ನೀಡಲ್ ಸ್ಕೇಲರ್, ಏರ್ ಸಾ ಈ ಥರದ್ದು. ಗ್ರೈಂಡರ್, ಇಂಪ್ಯಾಕ್ಟ್ ರೆಂಚ್ ಇಲ್ಲಿ ಬರಲ್ಲ, ಅವುಗಳ ಒಳಗಿರೋದು ತಿರುಗೋ ವೇನ್ ಮೋಟರ್, ಗಾಳಿ ಹೆಚ್ಚುಕಮ್ಮಿ ಒಂದೇ ಸಮ ಹರಿಯತ್ತೆ, ಅಲ್ಲಿನ ಲೆಕ್ಕ ತಂದು ಇಲ್ಲಿ ಹಾಕಿದ್ರೆ ಕೈ ಕೊಡತ್ತೆ. ಯಾಕೆ ಕೈ ಕೊಡತ್ತೆ ಅನ್ನೋದೇ ಈ ಟಿಪ್ಪಣಿಯ ದೊಡ್ಡ ಭಾಗ. ಪಿಸ್ಟನ್ ಅಂದ್ರೇನು, ವಾಲ್ವ್ ಹೇಗೆ ಪಲ್ಟಿ ಹೊಡೆಯತ್ತೆ ಅಂತೆಲ್ಲ ಬರೆಯೋಕೆ ಹೋಗಲ್ಲ, ಯಾವುದಾದ್ರೂ ಒಂದು ಹ್ಯಾಮರ್‌ನ ಕಟ್ ಸೆಕ್ಷನ್ ಚಿತ್ರ ಪಕ್ಕಕ್ಕೆ ಇಟ್ಕೊಂಡು ಓದಿ.

ಮೊದಲು ಒತ್ತಡ, ಬೇಗ ಮುಗಿಸೋಣ

ಉದಾಹರಣೆಗೆ ಒಂದು ಹ್ಯಾಮರ್ ಹಿಡ್ಕೊಳ್ಳೋಣ: ಬೋರ್ (ಸಿಲಿಂಡರ್ ಒಳ ವ್ಯಾಸ) 19 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 60 ಎಂಎಂ, ಪಿಸ್ಟನ್ ತೂಕ 200 ಗ್ರಾಂ, ನಿಮಿಷಕ್ಕೆ 2400 ಹೊಡೆತ. ಪೂರ್ತಿ ಟಿಪ್ಪಣಿಗೆ ಇದೇ ಹ್ಯಾಮರ್. ಈ ಟೂಲ್‌ಗಳಿಗೆ ಸಾಮಾನ್ಯವಾಗಿ ಹೇಳೋ ಒತ್ತಡ 90 ಪಿಎಸ್ಐ, ಅಂದ್ರೆ 6.2 ಬಾರ್. ಪಿಸ್ಟನ್ ಮುಖದ ವಿಸ್ತೀರ್ಣ 283 ಚದರ ಎಂಎಂ, ಅದರ ಮೇಲೆ 6.2 ಬಾರ್ ಅಂದ್ರೆ ಸುಮಾರು 176 ನ್ಯೂಟನ್ ತಳ್ಳು, 60 ಎಂಎಂ ದೂರಕ್ಕೆ ಗುಣಿಸಿದ್ರೆ 10.5 ಜೂಲ್. ಘರ್ಷಣೆ ಗಿರ್ಷಣೆ ಏನೂ ಇಲ್ಲ ಅಂದ್ಕೊಂಡ್ರೆ ಒಂದು ಹೊಡೆತದಲ್ಲಿ ಇದಕ್ಕಿಂತ ಜಾಸ್ತಿ ಸಿಗಲ್ಲ.

ಒತ್ತಡ ಇಳಿದ್ರೆ ಎರಡು ಕಡೆ ಪೆಟ್ಟು. ಹೊಡೆತದ ಶಕ್ತಿ ಒತ್ತಡದ ಲೆಕ್ಕದಲ್ಲೇ ಇಳಿಯತ್ತೆ, ಜೊತೆಗೆ ಪಿಸ್ಟನ್ ನಿಧಾನ ಆಗಿ ಹೊಡೆತದ ಸಂಖ್ಯೆನೂ ಇಳಿಯತ್ತೆ, ಅದು ಸುಮಾರಾಗಿ ಒತ್ತಡದ ವರ್ಗಮೂಲದ ಲೆಕ್ಕದಲ್ಲಿ. ಎರಡೂ ಸೇರಿದ್ರೆ ಕೆಲಸದ ವೇಗ ಒತ್ತಡದ ಒಂದೂವರೆ ಘಾತದಲ್ಲಿ ಇಳಿದ ಹಾಗೆ. 6.2 ಇರಬೇಕಾದ ಕಡೆ 4.5 ಬಾರ್ ಸಿಕ್ಕಿದ್ರೆ ಒತ್ತಡ ಕಮ್ಮಿ ಆಗಿದ್ದು ಶೇಕಡಾ 27, ಕೆಲಸ ಕಮ್ಮಿ ಆಗಿದ್ದು ಶೇಕಡಾ 38. ಅದಕ್ಕೇ ಸ್ವಲ್ಪ ಇಳಿದ್ರೂ ಕೈಗೆ ಗೊತ್ತಾಗೋದು.

ತಲೆ ತಿಂದ ಜಾಗ: ಸರಾಸರಿ ಹರಿವು ಬೇರೆ, ಆ ಕ್ಷಣದ ಹರಿವು ಬೇರೆ

ಇದನ್ನ ನಿಧಾನಕ್ಕೆ ಬರೀತೀನಿ, ಯಾಕಂದ್ರೆ ಇದು ಕೂತ ಮೇಲೇನೇ ಉಳಿದಿದ್ದೆಲ್ಲ ಅದರ ಪಾಡಿಗೆ ಅರ್ಥ ಆಗಿದ್ದು.

ಹೊಡೆತ ಒಂದಕ್ಕೆ ಎಷ್ಟು ಗಾಳಿ ಬೇಕು? ಪಿಸ್ಟನ್ ಹಿಂದಿನ ಕೋಣೆ ಪೂರ್ತಿ ತುಂಬಬೇಕು: 283 ಚದರ ಎಂಎಂ × 60 ಎಂಎಂ = 17 ಸಿಸಿ. ಅದರಲ್ಲಿರೋದು ಗೇಜ್ ತೋರಿಸೋ ಲೆಕ್ಕದಲ್ಲಿ 6.2 ಬಾರ್, ಹೊರಗಿನ ವಾತಾವರಣದ 1 ಬಾರ್ ಸೇರಿಸಿದ್ರೆ ನಿಜವಾದ ಒತ್ತಡ 7.2 (ಗಾಳಿ ಅಳೆಯೋವಾಗ ಈ 1 ಸೇರಿಸ್ಲೇಬೇಕು, ತಳ್ಳು ಲೆಕ್ಕ ಹಾಕೋವಾಗ ಬೇಡ, ಯಾಕಂದ್ರೆ ಪಿಸ್ಟನ್‌ನ ಆ ಕಡೆನೂ ವಾತಾವರಣ ಇದೆ). ಅಂದ್ರೆ ಹೊರಗಿನ ಗಾಳಿ ಲೆಕ್ಕದಲ್ಲಿ ಸುಮಾರು 121 ಸಿಸಿ. 2400 ಹೊಡೆತ ಅಂದ್ರೆ ಸೆಕೆಂಡಿಗೆ 40, ಹಾಗಾಗಿ ಸೆಕೆಂಡಿಗೆ 4.8 ಲೀಟರ್, ನಿಮಿಷಕ್ಕೆ 290 ಲೀಟರ್, ಸಿಎಫ್‌ಎಂನಲ್ಲಿ (ನಿಮಿಷಕ್ಕೆ ಇಷ್ಟು ಘನ ಅಡಿ ಅನ್ನೋ ಅಳತೆ) ಹತ್ತು ಚಿಲ್ಲರೆ. ಪಿಸ್ಟನ್ ವಾಪಸ್ ತರೋಕೆ ಮುಂದಿನ ಕೋಣೆಗೆ ಹೋಗೋ ಗಾಳಿ ಇದಕ್ಕೆ ಸೇರಬೇಕು, ಸದ್ಯಕ್ಕೆ ಬಿಡಿ.

ಈಗ ಎಲ್ಲರೂ ಈ ಹತ್ತು ಸಿಎಫ್‌ಎಂ ತಗೊಂಡು ಹೋಗಿ ಚಾರ್ಟ್ ನೋಡ್ತಾರೆ, ಈ ಹೋಸ್ ಸಾಕು, ಈ ಕಪ್ಲರ್ (ಹೋಸ್ ಟಕ್ಕಂತ ಹಾಕಿ ಬಿಚ್ಚೋ ಜೋಡಣೆ) ಸಾಕು ಅಂತ ಬರತ್ತೆ. ಆದ್ರೆ ಹ್ಯಾಮರ್ ಹತ್ತು ಸಿಎಫ್‌ಎಂ ಅನ್ನೋ ಹರಿವನ್ನ ಯಾವ ಕ್ಷಣದಲ್ಲೂ ಆರಾಮಾಗಿ ಎಳ್ಕೊಂಡು ಕೂತಿರಲ್ಲ, ಅದು ಬರೀ ಸರಾಸರಿ.

ಪಿಸ್ಟನ್ ಒಂದು ಸುತ್ತು ಹೋಗಿ ಬರೋಕೆ ಇರೋ ಸಮಯ 25 ಮಿಲಿಸೆಕೆಂಡ್. 176 ನ್ಯೂಟನ್ ತಳ್ಳಿದ್ರೆ 200 ಗ್ರಾಂ ಪಿಸ್ಟನ್ 60 ಎಂಎಂ ಓಡಿ ಉಳಿಗೆ ಬಡಿಯೋಕೆ ಸುಮಾರು 12 ಮಿಲಿಸೆಕೆಂಡ್ ಸಾಕು, ಬಡಿಯೋವಾಗ ವೇಗ ಸೆಕೆಂಡಿಗೆ 10 ಮೀಟರ್ ಚಿಲ್ಲರೆ. ಉಳಿದ 13 ಮಿಲಿಸೆಕೆಂಡ್ ವಾಪಸ್ ಬರೋಕೆ, ಆಗ ಹಿಂದಿನ ಕೋಣೆಗೆ ಗಾಳಿ ಹೋಗಲ್ಲ. ಅಂದ್ರೆ ಇಡೀ ಸುತ್ತಿನ ಗಾಳಿ ಅರ್ಧ ಸಮಯದಲ್ಲೇ ಒಳಗೆ ಹೋಗಬೇಕು. ಇಲ್ಲೇ ಸರಾಸರಿಯ 2 ಪಟ್ಟು ಆಯ್ತು.

ಇಷ್ಟಕ್ಕೆ ನಿಲ್ಲಲ್ಲ. ಆ 12 ಮಿಲಿಸೆಕೆಂಡ್‌ನಲ್ಲೂ ಹರಿವು ಒಂದೇ ಸಮ ಇಲ್ಲ. ಶುರುವಿನಲ್ಲಿ ಪಿಸ್ಟನ್ ನಿಂತಿದೆ, ಕೋಣೆ ಬೆಳೀತಾ ಇಲ್ಲ, ಗಾಳಿ ಬೇಕಾಗಿಲ್ಲ. ಪಿಸ್ಟನ್ ವೇಗ ಏರಿದ ಹಾಗೆ ಕೋಣೆ ಬೆಳೆಯೋ ವೇಗ ಏರತ್ತೆ, ಕೊನೆಯಲ್ಲಿ ವೇಗ ಸ್ಟ್ರೋಕ್‌ನ ಸರಾಸರಿ ವೇಗದ ಎರಡರಷ್ಟು. ಹಾಗಾಗಿ ಇನ್ನೊಂದು 2 ಪಟ್ಟು. ಎರಡೂ ಗುಣಿಸಿದ್ರೆ ಉಳಿಗೆ ಬಡಿಯೋ ಮುಂಚಿನ ಆ ಚೂರು ಸಮಯದಲ್ಲಿ ಬೇಕಾಗೋದು ಸರಾಸರಿಯ 4 ಪಟ್ಟು, ಅಂದ್ರೆ ಸೆಕೆಂಡಿಗೆ 20 ಲೀಟರ್.

ಈಗ ಅಸಲಿ ಏಟು. ತೂತಿನಲ್ಲಿ, ಫಿಟಿಂಗ್‌ನಲ್ಲಿ ಒತ್ತಡ ಬೀಳೋದು ಹರಿವಿನ ವರ್ಗದ ಲೆಕ್ಕದಲ್ಲಿ. ಹರಿವು 4 ಪಟ್ಟು ಆದ್ರೆ ಬೀಳೋದು 16 ಪಟ್ಟು. ಸರಾಸರಿ ಹಿಡಿದು ಲೆಕ್ಕ ಹಾಕಿದಾಗ 0.1 ಬಾರ್ ಮಾತ್ರ ಬೀಳತ್ತೆ, ಏನೂ ಅಲ್ಲ ಅನ್ನಿಸಿದ ಜಾಗ, ಸ್ಟ್ರೋಕ್ ಕೊನೆಯಲ್ಲಿ 1.6 ಬಾರ್ ಕೇಳತ್ತೆ. ನಿಜದಲ್ಲಿ ಅಷ್ಟು ಬೀಳೋಕೆ ಮುಂಚೆನೇ ಕೋಣೆ ಒತ್ತಡ ಇಳಿದು ಪಿಸ್ಟನ್ ಆ ವೇಗ ಮುಟ್ಟೋದೇ ಇಲ್ಲ, ಅದೇ ಅಲ್ವಾ ನಾವು ಹ್ಯಾಮರ್ ಸೋತಿದೆ ಅನ್ನೋದು.

ಗೇಜ್ ಯಾಕೆ ಇದನ್ನ ತೋರಿಸಲ್ಲ? ಮುಳ್ಳು ಸೆಕೆಂಡಿಗೆ 40 ಸಲ ಮೇಲೆ ಕೆಳಗೆ ಪೂರ್ತಿ ಓಡಲಾರದು, ಸ್ವಲ್ಪ ನಡುಗ್ತಾ ಸರಾಸರಿ ತೋರಿಸತ್ತೆ. ಹರಿವಿನ ವರ್ಗದ ಸರಾಸರಿ ತೆಗೆದು ನೋಡಿ (ಅರ್ಧ ಸುತ್ತು ಸೊನ್ನೆ, ಅರ್ಧ ಸುತ್ತು 0ಯಿಂದ 4ಕ್ಕೆ ಏರೋ ಗೆರೆ), 2.7 ಬರತ್ತೆ. ಗೇಜ್‌ಗೆ ಕಾಣೋದು 2.7 ಪಟ್ಟು, ಪಿಸ್ಟನ್ ಅನುಭವಿಸೋದು 16 ಪಟ್ಟು.

ಹಾಗಾದ್ರೆ ಕಂಪ್ರೆಸರ್‌ನಿಂದ ಬರೋ ಇಡೀ ಪೈಪು 4 ಪಟ್ಟು ಹರಿವಿಗೆ ಇರಬೇಕಾ ಅಂದ್ರೆ, ಬೇಡ. ಹೋಸ್ ಒಳಗೆ ತುಂಬಿರೋ ಗಾಳಿ ಟೂಲ್ ಪಕ್ಕದಲ್ಲೇ ಇರೋ ಸ್ಟಾಕ್. ಹ್ಯಾಮರ್ ಗಬಕ್ಕಂತ ಎಳೆದಾಗ ಮೊದಲು ಕೊಡೋದು ಹತ್ತಿರದ ಗಾಳಿ, ವಾಪಸ್ ಸ್ಟ್ರೋಕ್‌ನಲ್ಲಿ ಹಿಂದಿನಿಂದ ಅದು ತುಂಬ್ಕೊಳ್ಳತ್ತೆ. 10 ಎಂಎಂ ಬೋರ್‌ನ ಒಂದು ಮೀಟರ್ ಹೋಸ್‌ನಲ್ಲಿ 78 ಸಿಸಿ ಇದೆ, ನಮ್ಮ 17 ಸಿಸಿಯ ನಾಲ್ಕೂವರೆ ಪಟ್ಟು. 13 ಎಂಎಂ ಆದ್ರೆ 133 ಸಿಸಿ. 6 ಎಂಎಂ ಆದ್ರೆ 28 ಸಿಸಿ ಅಷ್ಟೇ, ಒಂದು ಹೊಡೆತಕ್ಕೇ ಅರ್ಧಕ್ಕಿಂತ ಜಾಸ್ತಿ ಸ್ಟಾಕ್ ಅಲ್ಲಾಡಿ ಹೋಗತ್ತೆ. ಸೋ, ಈ ಸ್ಟಾಕ್‌ಗೂ ಸಿಲಿಂಡರ್‌ಗೂ ಮಧ್ಯ ಏನೇನು ಇದೆಯೋ ಅದು 16 ಪಟ್ಟಿನ ಏಟು ತಿನ್ನತ್ತೆ. ಸ್ಟಾಕ್‌ನ ಆ ಕಡೆ ಇರೋದಕ್ಕೆ ಹೆಚ್ಚುಕಮ್ಮಿ ಸರಾಸರಿ ಲೆಕ್ಕ ಸಾಕು.

ಇದೊಂದು ಗೆರೆ ಎಳ್ಕೊಂಡ್ರೆ ಯಾವುದನ್ನ ಮೊದಲು ಬದಲಾಯಿಸಬೇಕು ಅನ್ನೋದು ತಾನಾಗೇ ಬರತ್ತೆ. ಟೂಲ್ ಹಿಡಿಗೆ ನೇರ ಕ್ವಿಕ್ ಕಪ್ಲರ್ ಹಾಕೋದು ಎಲ್ಲಕ್ಕಿಂತ ಕೆಟ್ಟ ಜಾಗ, ಲೈನ್‌ನಲ್ಲೇ ಸಣ್ಣ ತೂತು ಅಲ್ಲಿ, ಪೂರ್ತಿ ಏಟೂ ಅಲ್ಲೇ. ಅದರ ಬದಲು ಟೂಲ್‌ಗೆ ಒಂದು ಮೀಟರ್ ಉದ್ದದ ದಪ್ಪ ವಿಪ್ ಹೋಸ್ (ಟೂಲ್ ಪಕ್ಕ ಹಾಕೋ ಗಿಡ್ಡ ಹೋಸ್) ಥ್ರೆಡ್ ಮಾಡಿ, ಕಪ್ಲರ್‌ನ ಅದರ ಆ ತುದಿಗೆ ಹಾಕಿ. ಅದೇ ಕಪ್ಲರ್, ಅದೇ ಹೋಸ್, ಜಾಗ ಅದಲುಬದಲು ಅಷ್ಟೇ. ವಿಪ್ ಹೋಸ್ ಹಾಕಿ ಅಂತ ಹೇಳೋಕೆ ಮಾಮೂಲಿ ಕೊಡೋ ಕಾರಣ ಬೇರೆ, ಹ್ಯಾಮರ್ ನಡುಕಕ್ಕೆ ಕಪ್ಲರ್ ಸವೆದು ಹೋಗತ್ತೆ ಅಂತ. ಅದೂ ನಿಜನೇ, ಆದ್ರೆ ನನಗೆ ಈ ಸ್ಟಾಕ್ ಕಾರಣವೇ ಜಾಸ್ತಿ ಇಷ್ಟ.

ಹೋಸ್ ದಪ್ಪ

ಉದ್ದ ಹೋಸ್‌ನಲ್ಲಿ ಒತ್ತಡ ಬೀಳೋದು ಒಳ ವ್ಯಾಸದ ಐದನೇ ಘಾತಕ್ಕೆ ಉಲ್ಟಾ. 6 ಎಂಎಂನಿಂದ 8ಕ್ಕೆ ಹೋದ್ರೆ ನಾಲ್ಕರಲ್ಲಿ ಒಂದು ಪಾಲು, 6ರಿಂದ 10ಕ್ಕೆ ಹೋದ್ರೆ ಹದಿಮೂರರಲ್ಲಿ ಒಂದು ಪಾಲು. ಉದ್ದ ಅರ್ಧ ಮಾಡಿದ್ರೆ ಬರೀ ಅರ್ಧ. ಅಂದ್ರೆ ಹೋಸ್ ಕತ್ತರಿಸೋದಕ್ಕಿಂತ ದಪ್ಪ ಮಾಡೋದು ಲಾಭ. ಆದ್ರೆ ಹೋಸ್ ಮೇಲೆ ಬರೆದಿರೋ ಸೈಜ್ ನಂಬ್ಕೊಂಡು ಬಾರ್ಬ್ (ಹೋಸ್ ಒಳಗೆ ತುರುಕೋ ಫಿಟಿಂಗ್ ಮೂತಿ) ಮರೆತುಬಿಡ್ಬೇಡಿ, 10 ಎಂಎಂ ಹೋಸ್‌ಗೆ ತುರುಕಿರೋ ಬಾರ್ಬ್‌ನ ಒಳ ತೂತು 7 ಎಂಎಂ ಇದ್ರೂ ಆಶ್ಚರ್ಯ ಇಲ್ಲ. ಗಿಡ್ಡ ಫಿಟಿಂಗ್‌ಗಳಿಗೆ ನಾಲ್ಕನೇ ಘಾತ ಸಾಕು, 5 ಎಂಎಂ ಕಪ್ಲರ್ ತೆಗೆದು 7 ಎಂಎಂ ಹೈ ಫ್ಲೋ ಹಾಕಿದ್ರೆ ನಾಲ್ಕನೇ ಒಂದು ಭಾಗ ಮಾತ್ರ ಬೀಳತ್ತೆ.

ಟೂಲ್ ಬಿಚ್ಚಿ ಒಳಗೆ ಕೈ ಹಾಕೋವಾಗ

ಮೊದಲು ಇನ್‌ಲೆಟ್ ಜಾಲರಿ. ಹಿಡಿಯ ಬುಷ್ ಒಳಗೆ ಇರೋ ಸಣ್ಣ ಜಾಲರಿ, ಟೇಪ್ ಚೂರು, ತುಕ್ಕು, ಹೋಸ್‌ನ ರಬ್ಬರ್ ಪುಡಿ ಕೂತಿರತ್ತೆ. ಡ್ರಿಲ್ ಹಿಡಿಯೋಕೆ ಮುಂಚೆ ಇದನ್ನ ತೊಳೀರಿ, ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯತ್ತೆ.

ಆಮೇಲೆ ದಾರಿಗಳನ್ನ ದೊಡ್ಡದು ಮಾಡೋ ಆಸೆ ಬರತ್ತೆ. ನಾನು ಪುಸ್ತಕದ ಅಂಚಿನಲ್ಲಿ ಬರ್ಕೊಂಡ ಶಾರ್ಟ್‌ಕಟ್: ವಾಲ್ವ್‌ಗೆ ಮುಂಚಿನ ಜಾಗ ಸ್ಟಾಕ್, ವಾಲ್ವ್ ದಾಟಿದ ಮೇಲಿನ ಜಾಗ ನಷ್ಟ. ಟ್ರಿಗರ್‌ನಿಂದ ವಾಲ್ವ್‌ವರೆಗಿನ ದಾರಿ ಯಾವಾಗಲೂ ಒತ್ತಡದಲ್ಲೇ ಇರತ್ತೆ, ಅಲ್ಲಿ ಜಾಗ ಜಾಸ್ತಿ ಆದ್ರೆ ಒಳ್ಳೇದೇ. ವಾಲ್ವ್‌ನಿಂದ ಸಿಲಿಂಡರ್‌ವರೆಗಿನ ದಾರಿ ಪ್ರತಿ ಹೊಡೆತಕ್ಕೂ ತುಂಬಿ ಪ್ರತಿ ಹೊಡೆತಕ್ಕೂ ಎಕ್ಸಾಸ್ಟ್‌ನಲ್ಲಿ ಹೊರಗೆ ಹೋಗತ್ತೆ. 40 ಎಂಎಂ ಉದ್ದದ 6 ಎಂಎಂ ದಾರಿಯನ್ನ 8 ಎಂಎಂ ಮಾಡಿದ್ರೆ 0.9 ಸಿಸಿ ಜಾಸ್ತಿ, 17 ಸಿಸಿಗೆ ಹೋಲಿಸಿದ್ರೆ ಶೇಕಡಾ 5 ಗಾಳಿ ದಂಡ, ಪ್ರತಿ ಹೊಡೆತಕ್ಕೂ. ದಾರಿ ಇಕ್ಕಟ್ಟಾಗಿದ್ರೆ ದೊಡ್ಡದು ಮಾಡಿದ ಲಾಭ ಈ ದಂಡಕ್ಕಿಂತ ಜಾಸ್ತಿ ಇರಬಹುದು, ಆದ್ರೆ ಸುಮ್ನೆ ಅಗಲ ಮಾಡೋದಲ್ಲ, ಲೆಕ್ಕ ಹಾಕಿ ಮಾಡೋದು.

ಅಂಚು ದುಂಡಗೆ ಮಾಡೋದೂ ಹಾಗೇ. ಚೂಪು ಅಂಚಿನ ತೂತಿಗೆ ಗಾಳಿ ನುಗ್ಗೋವಾಗ ಒಳಗೆ ಸೊರಗಿ ಪೂರ್ತಿ ಅಗಲ ಬಳಸಲ್ಲ, ಸುಮಾರು 0.6 ಪಾಲು ಮಾತ್ರ ಉಪಯೋಗ, ಚೆನ್ನಾಗಿ ದುಂಡಗೆ ಮಾಡಿದ್ರೆ ಅದು 1ರ ಹತ್ತಿರ ಹೋಗತ್ತೆ. ಆದ್ರೆ ಇದನ್ನ ಬೋರ್ ಒಳಗಿನ ಪೋರ್ಟ್ ಅಂಚಿಗೆ ಮಾಡ್ಬೇಡಿ. ಅದು ಬರೀ ಬಾಗಿಲಲ್ಲ, ಪಿಸ್ಟನ್ ಅದನ್ನ ದಾಟೋ ಕ್ಷಣವೇ ಟೈಮಿಂಗ್. ಎಕ್ಸಾಸ್ಟ್ ಪೋರ್ಟ್ ಅಂಚು 1 ಎಂಎಂ ಹಿಂದೆ ಸರಿದ್ರೆ ಹಿಂದಿನ ಕೋಣೆ ಅಷ್ಟು ಬೇಗ ಬಿಚ್ಕೊಳ್ಳತ್ತೆ, 1 ಎಂಎಂ ತಳ್ಳು ಹೋಯ್ತು. ಬರ್ (ಅಂಚಿನಲ್ಲಿ ಎದ್ದಿರೋ ಲೋಹದ ಚೂರು) ಇದ್ರೆ ಅದನ್ನಷ್ಟೇ ತೆಗೀರಿ, ಚಾಂಫರ್ (ಅಂಚನ್ನ ಓರೆಯಾಗಿ ಕತ್ತರಿಸೋದು) ಬೇಡ.

ಎಕ್ಸಾಸ್ಟ್

ಒಳಗೆ ಹೋಗೋ ಗಾಳಿ ಬಗ್ಗೆ ಇಷ್ಟೆಲ್ಲ ಬರೆದು ಹೊರಗೆ ಹೋಗೋದಕ್ಕೆ ಕಮ್ಮಿ ಬರೀತಿದೀನಿ, ಆದ್ರೆ ಇದು ಅಷ್ಟೇ ಮುಖ್ಯ.

ತೂತಿನ ಆಚೆ ಒತ್ತಡ ಈಚೆಯ ಒತ್ತಡದ 0.528 ಪಾಲಿಗಿಂತ ಕೆಳಗೆ ಇದ್ರೆ ಗಾಳಿ ತೂತಿನಲ್ಲಿ ಶಬ್ದದ ವೇಗ ಮುಟ್ಟಿಬಿಡತ್ತೆ, ಅದಕ್ಕಿಂತ ಜಾಸ್ತಿ ಓಡಲ್ಲ. ಆಚೆ ಇನ್ನೂ ಖಾಲಿ ಮಾಡಿದ್ರೂ ಪ್ರಯೋಜನ ಇಲ್ಲ, ಆ ಸುದ್ದಿ ತೂತು ದಾಟಿ ಈಚೆ ಬರೋದೇ ಇಲ್ಲ. ನಮ್ಮ ಕೋಣೆ 7.2ರಿಂದ (ಈ ಭಾಗದ ಒತ್ತಡಗಳೆಲ್ಲ ವಾತಾವರಣದ 1 ಸೇರಿಸಿದ್ದು) ಶುರುವಾಗಿ 1.9 ಬಾರ್‌ಗೆ ಇಳಿಯೋವರೆಗೆ ಇದೇ ಸ್ಥಿತಿ, ಆಗ ಮುಖ್ಯವಾಗಿ ಲೆಕ್ಕಕ್ಕೆ ಬರೋದು ತೂತಿನ ವಿಸ್ತೀರ್ಣ. 3 ಎಂಎಂ ತೂತು 7 ಚದರ ಎಂಎಂ, 4 ಎಂಎಂ ತೂತು 12.6. ಕೊನೆಯ 1.9ರಿಂದ 1ಕ್ಕೆ ಇಳಿಯೋದು ಎಳೆದಾಡ್ಕೊಂಡು ಹೋಗೋ ಭಾಗ.

ಈಗ ಸೈಲೆನ್ಸರ್ ಒಳಗಿನ ಸ್ಪಂಜು ಎಣ್ಣೆ ಧೂಳು ಕುಡಿದು ಕಟ್ಕೊಂಡಿದೆ ಅಂದ್ಕೊಳ್ಳಿ, ಅದರೊಳಗೆ 2 ಬಾರ್ ನಿಂತಿದೆ. ಆಗ ಪೂರ್ತಿ ವೇಗದ ಖಾಲಿಯಾಗುವಿಕೆ 3.8 ಬಾರ್‌ಗೇ ಮುಗೀತು, ಎಳೆದಾಡೋ ಭಾಗ ಉದ್ದ ಆಯ್ತು, ಕೋಣೆ 2ಕ್ಕಿಂತ ಕೆಳಗೆ ಹೋಗೋದೂ ಇಲ್ಲ. ಪಿಸ್ಟನ್ ವಾಪಸ್ ಬರ್ತಾ ಪೋರ್ಟ್ ಮುಚ್ಚಿದಾಗ ಒಳಗೆ ಸಿಕ್ಕಿಬೀಳೋ ಗಾಳಿ 1 ಬಾರ್ ಇರಬೇಕಾದದ್ದು 2 ಬಾರ್, ಆ ಮೆತ್ತೆ ಬೇಗ ಗಟ್ಟಿಯಾಗಿ ಪಿಸ್ಟನ್‌ನ ಅರ್ಧ ದಾರಿಯಲ್ಲೇ ತಿರುಗಿಸಿ ಕಳಿಸತ್ತೆ. ಸ್ಟ್ರೋಕ್ ಗಿಡ್ಡ. ವಾಲ್ವ್ ಇಲ್ಲದೆ ಪಿಸ್ಟನ್ನೇ ಪೋರ್ಟ್ ತೆರೆದು ಮುಚ್ಚೋ ಮಾದರಿಯಲ್ಲಿ ಇದು ಜಾಸ್ತಿ ಕಾಣತ್ತೆ. ಗಿಡ್ಡ ಸ್ಟ್ರೋಕ್ ಅಂದ್ರೆ ಹ್ಯಾಮರ್ ಬೇಗ ಬೇಗ ಬಡಿಯೋ ಹಾಗೆ ಕೇಳಬಹುದು, ಹಾಗಾಗಿ ಸದ್ದು ನಂಬ್ಬೇಡಿ, ಉಳಿ ಎಷ್ಟು ಕಚ್ತಿದೆ ನೋಡಿ. ಕಿವಿಗೆ ಮಫ್ ಹಾಕ್ಕೊಂಡು ಸೈಲೆನ್ಸರ್ ಬಿಚ್ಚಿ ಸ್ವಲ್ಪ ಹೊತ್ತು ಓಡಿಸಿದ್ರೆ ಗೊತ್ತಾಗತ್ತೆ, ಹಾಗೇ ಬಿಟ್ಟು ಕೆಲಸ ಮಾಡೋದಲ್ಲ.

ಗಾಳಿಯಲ್ಲಿ ನೀರು ಇದ್ರೆ ಇದೇ ಜಾಗದಲ್ಲಿ ಹಿಮ ಕಟ್ಟತ್ತೆ, ಗಾಳಿ ಹಿಗ್ಗೋವಾಗ ತಣ್ಣಗಾಗತ್ತಲ್ಲ. ಶುರುವಿನಲ್ಲಿ ಚೆನ್ನಾಗಿ ಹೊಡೆದು ಆಮೇಲಾಮೇಲೆ ಸೋತು, ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಸರಿ ಆದ್ರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನ. ಪರಿಹಾರ ಡ್ರೈಯರ್ ಮತ್ತು ನೀರಿನ ಟ್ರ್ಯಾಪ್ ಕಡೆ ಇದೆ, ಟೂಲ್‌ನಲ್ಲಿ ಅಲ್ಲ.

ಗೇಜ್ ಎಲ್ಲಿ, ಹೇಗೆ

ಹಿಡಿಯ ಪಕ್ಕದಲ್ಲೇ ಒಂದು ಟೀ (T ಆಕಾರದ ಫಿಟಿಂಗ್) ಹಾಕಿ ಗೇಜ್ ಕೂರಿಸಿ, ಉಳಿಯನ್ನ ಕೆಲಸದ ಮೇಲೆ ಒತ್ತಿ ಓಡಿಸ್ತಾ ಓದಬೇಕು. ಟ್ರಿಗರ್ ಬಿಟ್ಟಾಗ 6.2 ಇದ್ರೆ ಅದಕ್ಕೆ ಏನೂ ಅರ್ಥ ಇಲ್ಲ, ಹರಿವೇ ಇಲ್ದಿದ್ರೆ ಒತ್ತಡ ಬೀಳೋದೂ ಇಲ್ಲ. ಓಡುವಾಗ ಬಿದ್ರೆ ಗೇಜ್ ಒಂದೊಂದೇ ಫಿಟಿಂಗ್ ಹಿಂದಕ್ಕೆ ತಗೊಂಡು ಹೋಗಿ, ಎಲ್ಲಿ ಮುಳ್ಳು ತಟ್ಟನೆ ಮೇಲೆ ಹೋಗತ್ತೋ ಅಲ್ಲೇ ಕಳ್ಳ.

ತಮಾಷೆ ಏನಂದ್ರೆ ಓಡುವಾಗಲೂ ಗೇಜ್ 6.2 ಬಿಟ್ಟು ಅಲ್ಲಾಡ್ದೆ ಹ್ಯಾಮರ್ ಮಾತ್ರ ಸೋತಿರಬಹುದು. ಇದು ಲೈನ್ ಚೆನ್ನಾಗಿದೆ ಅನ್ನೋದಕ್ಕೆ ಪುರಾವೆ ಅಲ್ಲ, ಗೇಜ್‌ನಿಂದ ಮುಂದೆ ಎಲ್ಲೋ ಕಟ್ಕೊಂಡಿದೆ, ಟೂಲ್ ಗಾಳಿ ಎಳೀತಾನೇ ಇಲ್ಲ, ಅದಕ್ಕೆ ಹಿಂದೆ ಏನೂ ಬೀಳ್ತಿಲ್ಲ. ಜಾಲರಿ, ಟ್ರಿಗರ್ ವಾಲ್ವ್, ಸೈಲೆನ್ಸರ್ ಈ ಮೂರನ್ನ ನೋಡಿ. ಅದನ್ನ ತೊಳೆದು ಮತ್ತೆ ಓಡಿಸಿದಾಗ ಗೇಜ್ ಮೊದಲಿಗಿಂತ ಕೆಳಗೆ ತೋರಿಸಿದ್ರೆ ಗಾಬರಿ ಬೇಡ, ಟೂಲ್ ಈಗ ಉಸಿರಾಡ್ತಿದೆ ಅಂತ, ಹೋಸ್ ಸರದಿ ಈಗ ಬಂತು.

ರೆಗ್ಯುಲೇಟರ್ ತಿರುಗಿಸಿ 8 ಬಾರ್ ಇಟ್ಟು ನಷ್ಟ ತುಂಬಿಸೋ ಉಪಾಯ ಮಾಡೋರಿದ್ದಾರೆ. ಟ್ರಿಗರ್ ಬಿಟ್ಟ ಕೂಡಲೇ ಹೋಸ್ ಪೂರ್ತಿ 8ಕ್ಕೆ ಏರತ್ತೆ, ಮುಂದಿನ ಸಲ ಒತ್ತಿದಾಗ ಮೊದಲ ಕೆಲವು ಹೊಡೆತ 6.2ಕ್ಕೆ ಮಾಡಿರೋ ಪಿಸ್ಟನ್, ರಿಟೇನರ್ (ಉಳಿಯನ್ನ ಹಿಡಿದಿಡೋ ಭಾಗ) ಮೇಲೆ 8ರ ಲೆಕ್ಕದಲ್ಲಿ ಬೀಳತ್ತೆ, ಆಮೇಲೆ ಮತ್ತೆ ಅದೇ ಸೋಲು. ವಿಪ್ ಹೋಸ್ ದಪ್ಪ ಮಾಡಿ ಕಪ್ಲರ್ ಆ ಕಡೆ ಸರಿಸೋದು ಇದಕ್ಕಿಂತ ಕಮ್ಮಿ ಕೆಲಸ.