ನಾಟಕ ನಿಲ್ಲಿಸೋಕೆ ಕಾನೂನು ಬೇಕಿಲ್ಲ

2022ರ ಜುಲೈ 3. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಆನವಟ್ಟಿಯ ಕಲ್ಯಾಣ ಮಂಟಪವೊಂದರಲ್ಲಿ 'ಜೊತೆಗಿರುವನು ಚಂದಿರ' ನಾಟಕ ನಡೆಯುತ್ತಿತ್ತು. ಹಿಂದೂ ಪರ ಸಂಘಟನೆಯ ಕಾರ್ಯಕರ್ತರು ನಡುವೆಯೇ ಒಳಬಂದು ಘೋಷಣೆ ಕೂಗಿದರು. ನಾಟಕ ಅಲ್ಲಿಗೇ ನಿಂತಿತು. ಇದು 'ಫಿಡ್ಲರ್ ಆನ್ ದ ರೂಫ್' ನಾಟಕವನ್ನು ಆಧರಿಸಿ ಜಯಂತ ಕಾಯ್ಕಿಣಿ ಬರೆದದ್ದು. ಮೂಲದಲ್ಲಿ ರಷ್ಯಾದ ಯಹೂದಿ ಅಪ್ಪ, ಇಲ್ಲಿ ಮುಸ್ಲಿಂ ಅಪ್ಪ. ಹೆಣ್ಣುಮಕ್ಕಳ ಮದುವೆ ಅವನ ತಲೆನೋವು. ಬೇರೆ ಊರುಗಳಲ್ಲಿ ಮೊದಲೇ ಆಡಿದ್ದ ನಾಟಕ. ಯಾರನ್ನೋ ಕೆಣಕಲು ಬರೆದದ್ದಂತೂ ಅಲ್ಲ.

ಹಾಗೆ ನೋಡಿದರೆ ಇದಕ್ಕಿಂತ ಖಾರವಾದ ನಾಟಕಗಳನ್ನು ಬರೆದವರು ಇದೇ ಜಿಲ್ಲೆಯವರು. ಕುಪ್ಪಳಿಯ ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ಬರೆದರು. ರಾಮಾಯಣದ ಉತ್ತರಕಾಂಡದಲ್ಲಿ, ತಪಸ್ಸಿಗೆ ಕೂತ ಶೂದ್ರ ಶಂಬೂಕನ ತಲೆಯನ್ನು ರಾಮ ಕಡಿಯುತ್ತಾನೆ. ಕುವೆಂಪು ನಾಟಕದಲ್ಲಿ ರಾಮನ ಬಾಣ ಶಂಬೂಕನನ್ನು ಬಿಟ್ಟು, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಇವತ್ತು ಹೊಸಬರೊಬ್ಬರು ಹೀಗೆ ಬರೆದರೆ ಏನಾಗಬಹುದು, ಸುಮ್ನೆ ಯೋಚಿಸಿ. ಆಗಲೂ ಜಗಳ ಆಯಿತು. ಆದರೆ ಆಕ್ಷೇಪ ಎತ್ತಿದವರು ಮಾಸ್ತಿ. ಪುರಾಣದ ಕಥೆಯನ್ನು ಹೀಗೆ ತಿರುಗಿಸುವುದು ಸರಿಯೇ ಅಂತ ಅವರು ಬರೆದರು, ಕುವೆಂಪು ಬರೆದೇ ಉತ್ತರ ಕೊಟ್ಟರು. ಕೊನಗವಳ್ಳಿಯ ಲಂಕೇಶರು ಮುಂದೆ 'ಸಂಕ್ರಾಂತಿ'ಯಲ್ಲಿ ಬಸವಣ್ಣನ ಕಾಲದ ಜಾತಿ ಜಗಳವನ್ನೇ ರಂಗಕ್ಕೆ ತಂದರು.

ಈ ಧೈರ್ಯದ ಬೇರು ಬರೀ ಪುಸ್ತಕದಲ್ಲಿರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಜಗಳ ಶುರುವಾಗಿದ್ದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರು ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗ ಇಟ್ಟುಕೊಂಡಿದ್ದಾರೆ ಅನ್ನುವುದು ರೈತರ ದೂರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಶಾಂತವೇರಿ ಗೋಪಾಲಗೌಡರು ಜೊತೆಯಾದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅದಕ್ಕೆ ಎರಡು ವರ್ಷ ಮೊದಲಷ್ಟೇ ಅದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ನಾಟಕ ಸಂಸ್ಥೆ ನೀನಾಸಂ ಕಟ್ಟಿದ್ದರು.

ನೀನಾಸಂ ಘೋಷಣೆ ಕೂಗುವ ರಂಗಭೂಮಿ ಆಗಲಿಲ್ಲ. ಅದು ಜಾಸ್ತಿ ನಾಜೂಕು ಅಂತ ಗೊಣಗುವವರು ಈಗಲೂ ಇದ್ದಾರೆ. ಪೂರ್ತಿ ಸುಳ್ಳೂ ಅಲ್ಲ ಬಿಡಿ. ಆದರೆ 1972ರಲ್ಲಿ ಅದು ಮಾಡಿದ ಒಂದು ಕೆಲಸ ಯಾವ ಘೋಷಣೆಗೂ ಕಮ್ಮಿ ಇಲ್ಲ. ಹಳ್ಳಿಯಲ್ಲಿ ಸ್ವಂತ ರಂಗಮಂದಿರ ಕಟ್ಟಿಸಿ ಶಿವರಾಮ ಕಾರಂತರ ಹೆಸರಿಟ್ಟಿತು. ಯಾವ ನಾಟಕ ಆಡಬೇಕು ಅಂತ ಇನ್ನೊಬ್ಬರನ್ನು ಕೇಳಬೇಕಾದ ಪಾಡು ತಪ್ಪಿತು. 1985ರಲ್ಲಿ ಅದರ ಸಂಚಾರಿ ತಂಡ 'ತಿರುಗಾಟ' ಶುರುವಾದ ಮೇಲೆ ನಾಟಕ ರಾಜ್ಯವೆಲ್ಲ ಸುತ್ತಿತು. ಸೆಟ್ಟು, ಲೈಟು, ನಟರು ಎಲ್ಲ ಒಟ್ಟಿಗೇ ಹೊರಡುತ್ತಾರೆ. ಆದರೆ ಆಯಾ ಊರಲ್ಲಿ ಕರೆಸುವವರು, ಜಾಗ ಕೊಡುವವರು ಬೇಕೇ ಬೇಕು.

ಇನ್ನೊಂದು ದಾರಿ ಹಿಡಿದವರು ರಂಗ ನಿರ್ದೇಶಕ ಪ್ರಸನ್ನ. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು, ತುರ್ತು ಪರಿಸ್ಥಿತಿಯ ವರ್ಷ 1975ರಲ್ಲೇ 'ಸಮುದಾಯ' ಅನ್ನುವ ರಂಗತಂಡ ಕಟ್ಟಿದವರಲ್ಲಿ ಮುಖ್ಯರು. ಸಮುದಾಯದವರು ಜಾಗದ ಸಮಸ್ಯೆಯನ್ನು ಬೀದಿಗಿಳಿದು ಬಗೆಹರಿಸಿಕೊಂಡರು. 1979ರ ಜಾಥಾದಲ್ಲಿ ಊರೂರಿಗೆ ಹೋಗಿ 'ಬೆಲ್ಚಿ' ಆಡಿದರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಕಗ್ಗೊಲೆಯೇ ಅದರ ವಸ್ತು. ಪರದೆ ಇಲ್ಲ, ಟಿಕೆಟ್ ಇಲ್ಲ, ಬಸ್ ಸ್ಟ್ಯಾಂಡ್ ಮುಂದೆ ಒಂದಿಷ್ಟು ಜಾಗ ಸಾಕು. ಮುಂದೆ ಪ್ರಸನ್ನ ಹೆಗ್ಗೋಡಿಗೇ ಬಂದು ನೆಲೆಸಿದರು, ಭೀಮನಕೋಣೆಯಲ್ಲಿ ಮಹಿಳೆಯರ ಕೈಮಗ್ಗದ ಸಂಸ್ಥೆ 'ಚರಕ' ಹುಟ್ಟಿಸಿದರು. 2017ರಲ್ಲಿ ಕೈ ಉತ್ಪನ್ನಗಳ ಮೇಲಿನ ಜಿಎಸ್‌ಟಿ ತೆಗೆಯಿರಿ ಅಂತ ಉಪವಾಸಕ್ಕೂ ಕೂತರು. ನಿರ್ದೇಶಕ ನಾಟಕ ಬಿಟ್ಟು ಇದನ್ನೆಲ್ಲ ಯಾಕೆ ಮಾಡಬೇಕು ಅಂತ ಕೇಳಿದವರಿದ್ದಾರೆ. ನನಗಂತೂ ಎರಡೂ ಒಂದೇ ಕೆಲಸದ ಹಾಗೆ ಕಾಣುತ್ತದೆ.

ಇನ್ನು ಕಾನೂನಿನ ಕಥೆ. ಬಂಗಾಳದಲ್ಲಿ ನೀಲಿ ಬೆಳೆಯ ದೊರೆಗಳನ್ನೂ ಅಧಿಕಾರಿಗಳನ್ನೂ ನಾಟಕದವರು ಬಯಲಿಗೆಳೆದಾಗ ಬ್ರಿಟಿಷರು 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ತಂದರು. ಸರ್ಕಾರಕ್ಕೆ ಸರಿ ಕಾಣದ ನಾಟಕವನ್ನು ನಿಷೇಧಿಸುವ ಅಧಿಕಾರ ಅದರಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೂ 70 ವರ್ಷ ಅದು ಪುಸ್ತಕದಲ್ಲಿ ಉಳಿದಿತ್ತು. ಸಂಸತ್ತು ಹಳೆಯ ಕಾಯ್ದೆಗಳ ರಾಶಿಯ ಜೊತೆ ಅದನ್ನು ರದ್ದು ಮಾಡಿದ್ದು ಜಾರಿಗೆ ಬಂದದ್ದು 2018ರಲ್ಲಿ.

ಆನವಟ್ಟಿಯ ಘಟನೆ ಆದದ್ದು ಅದಾಗಿ ನಾಲ್ಕು ವರ್ಷಕ್ಕೆ. ಅಲ್ಲಿ ಯಾವ ನಿಷೇಧದ ಆದೇಶವೂ ಬೇಕಾಗಲಿಲ್ಲ. ಮಾಸ್ತಿಯವರಂತೆ ನಾಟಕ ಓದಿ ಆಕ್ಷೇಪ ಬರೆಯುವ ಕಷ್ಟವೂ ಯಾರಿಗೂ ಬೇಕಾಗಲಿಲ್ಲ. ನಮ್ಮ ಹವ್ಯಾಸಿ ತಂಡಗಳಿಗೆ ಸ್ವಂತ ರಂಗಮಂದಿರ ಎಲ್ಲಿದೆ? ಕಲ್ಯಾಣ ಮಂಟಪ, ಶಾಲೆಯ ಅಂಗಳ, ಸಮುದಾಯ ಭವನ, ಎಲ್ಲವೂ ಇನ್ನೊಬ್ಬರ ಕೈಯಲ್ಲಿ. ಬೀದಿಗೆ ಬಂದರೂ ಮೈಕಿಗೆ ಪೊಲೀಸರ ಅನುಮತಿ ಬೇಕು. ಗಲಾಟೆ ಆದೀತು ಅಂತ ಒಬ್ಬರು ಹೆದರಿದರೆ ಸಾಕು, ಬೀಗದ ಕೈ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಖಾರದ ನಾಟಕ ಮಾಡಬೇಕೆನ್ನುವ ನಿರ್ದೇಶಕ ನಟರನ್ನು ಹುಡುಕುವ ಮೊದಲು ಮಂಟಪದ ಯಜಮಾನರನ್ನು ಮಾತಾಡಿಸಿಕೊಂಡು ಬರಬೇಕಾಗಿದೆ.